ವಲ್ಕನ್‌ನ ಕುಲುಮೆಯನ್ನು ಪೂರ್ತಿ ತೋರಿಸಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಯುರೋಪಿನ ವರ್ಣಚಿತ್ರಗಳಲ್ಲಿ ಕಾಣುವ ಗ್ರೀಕ್ ಮತ್ತು ರೋಮನ್ ದೇವತೆಗಳ ಬಗ್ಗೆ ಒಂದು ಪುಟ ಬಂದಿತ್ತು. ಕನ್ನಡದಲ್ಲಿ ಇಂಥ ಬರಹ ಸಿಗುವುದು ಅಪರೂಪ. ಹಾಗಾಗಿ ಒಂದಕ್ಷರ ಬಿಡದೆ ಓದಿದೆ. ವೀನಸ್, ಅಪೊಲೊ, ಮಾರ್ಸ್ ಎಲ್ಲರಿಗೂ ಒಳ್ಳೆಯ ಜಾಗ ಸಿಕ್ಕಿದೆ. ಬೆಂಕಿಯ ದೇವರು, ಕಮ್ಮಾರ ದೇವರು ವಲ್ಕನ್‌ಗೆ ಮಾತ್ರ ಕೊನೆಯಲ್ಲಿ ಮೂರೇ ಸಾಲು. ಅವನು ಕುಂಟ, ಕುರೂಪಿ, ಹೆಂಡತಿಯಿಂದ ಮೋಸ ಹೋದವನು. ಅಷ್ಟೇ. ಪಕ್ಕದಲ್ಲಿ ಸ್ಪೇನಿನ ಡಿಯೇಗೊ ವೆಲಾಸ್ಕೆಸ್ ಬರೆದ ಚಿತ್ರ. ಅದನ್ನೂ ಕತ್ತರಿಸಿ ಎಡಗಡೆಯ ಇಬ್ಬರನ್ನು ಮಾತ್ರ ಉಳಿಸಿದ್ದೀರಿ. ಕೆಳಗೆ ‘ವಲ್ಕನ್ ಮತ್ತು ದೇವದೂತ’ ಎಂದು ಬರೆದಿದ್ದೀರಿ.

ಮೊದಲು ಆ ಅಡಿಬರಹ ಸರಿಯಾಗಲಿ. ತಲೆಯ ಸುತ್ತ ಪ್ರಭೆ ಇರುವವನು ಕ್ರೈಸ್ತರ ದೇವದೂತ ಅಲ್ಲ. ಅವನು ಅಪೊಲೊ, ಸೂರ್ಯದೇವ. ತಲೆ ಮೇಲೆ ಲಾರೆಲ್ ಎಲೆಗಳ ಕಿರೀಟ ಇದೆ, ಗಮನಿಸಿ. ದಿನವಿಡೀ ಆಕಾಶದಲ್ಲಿ ಓಡಾಡುವವನು, ಎಲ್ಲವನ್ನೂ ಮೊದಲು ನೋಡುವವನು. ವಲ್ಕನ್‌ನ ಹೆಂಡತಿ ವೀನಸ್ ಮತ್ತು ಯುದ್ಧದ ದೇವರು ಮಾರ್ಸ್ ಒಟ್ಟಿಗೆ ಇರುವುದನ್ನು ನೋಡಿ, ಆ ಸುದ್ದಿಯನ್ನು ಗಂಡನ ಕೆಲಸದ ಜಾಗಕ್ಕೇ ತಂದಿದ್ದಾನೆ.

ಆದರೆ ನಾನು ಈ ಪತ್ರ ಬರೆಯುತ್ತಿರುವುದು ಅಡಿಬರಹದ ಒಂದು ತಪ್ಪಿಗಾಗಿ ಅಲ್ಲ. ಕತ್ತರಿಸಿ ಹಾಕಿದ ಬಲಗಡೆಯ ಭಾಗಕ್ಕಾಗಿ. ನಾನು ಕಮ್ಮಾರರ ಮನೆಯವನು. ಅಪ್ಪ ಊರಿನಲ್ಲಿ ನೇಗಿಲ ಗುಳ, ಕುಡುಗೋಲು, ಗಾಡಿಯ ಹಳಿ ಮಾಡುತ್ತಿದ್ದರು. ನಾನು ಐಟಿಐಯಲ್ಲಿ ಹುಡುಗರಿಗೆ ಕುಲುಮೆ ಕೆಲಸ ಕಲಿಸಿ ನಿವೃತ್ತನಾದೆ. ನೀವು ತೆಗೆದುಹಾಕಿದ ಜಾಗದಲ್ಲಿ ಕೆಲಸಗಾರರಿದ್ದಾರೆ, ಬೆಂಕಿ ಇದೆ, ಮಾಡಿಟ್ಟ ಕವಚ ಇದೆ. ಅದನ್ನೆಲ್ಲ ಬಿಟ್ಟರೆ ಆ ಚಿತ್ರದಲ್ಲಿ ಕುಲುಮೆಯೇ ಇಲ್ಲ. ಒಬ್ಬ ಬಂದು ಚಾಡಿ ಹೇಳುತ್ತಿದ್ದಾನೆ, ಇನ್ನೊಬ್ಬ ಕೇಳುತ್ತಿದ್ದಾನೆ, ಅಷ್ಟೇ ಉಳಿಯುತ್ತದೆ.

ಮಗಳು ಸ್ಪೇನಿನಲ್ಲಿ ಕೆಲಸದಲ್ಲಿದ್ದಾಳೆ. ಅವಳಿದ್ದಲ್ಲಿಗೆ ಹೋದಾಗ ಮ್ಯಾಡ್ರಿಡ್‌ನ ಪ್ರಾಡೊ ಸಂಗ್ರಹಾಲಯದಲ್ಲಿ ಈ ಚಿತ್ರದ ಮುಂದೆ ನಿಲ್ಲುವ ಅವಕಾಶ ನನಗೆ ಸಿಕ್ಕಿತು. ಅಲ್ಲಿ ಫೋಟೊ ತೆಗೆಯುವಂತಿಲ್ಲ. ಅದು ಒಳ್ಳೆಯದೇ ಆಯಿತು, ಕಣ್ಣಿಂದಲೇ ನೋಡಿದೆ. ಸುಮಾರು 2.2 ಮೀಟರ್ ಎತ್ತರ, 2.9 ಮೀಟರ್ ಅಗಲದ ಚಿತ್ರ ಅದು. ಮನುಷ್ಯರು ಹೆಚ್ಚುಕಡಿಮೆ ನಮ್ಮಷ್ಟೇ ಎತ್ತರ ಇದ್ದಾರೆ. ವೆಲಾಸ್ಕೆಸ್ ಇದನ್ನು 1630ರಲ್ಲಿ ರೋಮ್‌ನಲ್ಲಿ ಬರೆದ. ಆಗ ಅವನಿಗೆ ಮೂವತ್ತರ ಆಸುಪಾಸು ವಯಸ್ಸು. ಸ್ಪೇನಿನ ರಾಜ ನಾಲ್ಕನೇ ಫಿಲಿಪ್‌ನ ಆಸ್ಥಾನದ ಚಿತ್ರಕಾರ, ಮೊದಲ ಬಾರಿ ಇಟಲಿಗೆ ಹೋಗಿದ್ದ. ಯಾರೂ ಹೇಳಿ ಮಾಡಿಸಿದ ಚಿತ್ರ ಅಲ್ಲ ಇದು. ಮುಂದೆ 1634ರಲ್ಲಿ ರಾಜನಿಗಾಗಿ ಇದನ್ನು ಕೊಂಡುಕೊಂಡರು.

ಚಿತ್ರದಲ್ಲಿ ಒಟ್ಟು ಆರು ಜನ. ಎಡಗಡೆ ಕಿತ್ತಳೆ-ಹಳದಿ ಬಟ್ಟೆ ಹೊದ್ದ ಅಪೊಲೊ, ಬೆರಳು ಎತ್ತಿ ಮಾತಾಡುತ್ತಿದ್ದಾನೆ. ಅವನೆದುರು ವಲ್ಕನ್. ಮೈಮೇಲೆ ಅಂಗಿ ಇಲ್ಲ, ತಲೆಗೆ ಬಟ್ಟೆ ಸುತ್ತಿಕೊಂಡಿದ್ದಾನೆ, ಗಡ್ಡ ಇದೆ. ಸೊಂಟ ಒಂದು ಕಡೆಗೆ ವಾಲಿದೆ. ಅವನ ಕುಂಟುತನವನ್ನು ವೆಲಾಸ್ಕೆಸ್ ತೋರಿಸಿದ್ದು ಇಷ್ಟರಲ್ಲೇ. ವಕ್ರ ಪಾದ ಇಲ್ಲ, ಊರುಗೋಲು ಇಲ್ಲ. ನಿಲ್ಲುವ ರೀತಿಯಲ್ಲಿ ಒಂದು ಸಣ್ಣ ಓರೆ, ಅಷ್ಟೇ. ಮಿಕ್ಕ ನಾಲ್ವರು ಅವನ ಜೊತೆ ಕೆಲಸ ಮಾಡುವವರು. ಹಳೆಯ ಕತೆಗಳಲ್ಲಿ ಇವರು ಹಣೆಯಲ್ಲಿ ಒಂದೇ ಕಣ್ಣಿರುವ ರಾಕ್ಷಸರು, ಸೈಕ್ಲೋಪ್ಸ್. ವೆಲಾಸ್ಕೆಸ್ ಅವರಿಗೆ ಎರಡು ಕಣ್ಣು ಕೊಟ್ಟು ಮನುಷ್ಯರನ್ನಾಗಿ ಮಾಡಿದ್ದಾನೆ. ಬಿಸಿಲು ಕಾಣದ ಬಿಳಿಚಿದ ಮೈ, ದುಡಿದ ತೋಳು. ಒಬ್ಬ ನಮಗೆ ಬೆನ್ನು ಹಾಕಿ ನಿಂತಿದ್ದಾನೆ. ಇನ್ನೊಬ್ಬನ ಬಾಯಿ ಸ್ವಲ್ಪ ತೆರೆದುಕೊಂಡಿದೆ. ಹಿಂದೆ ಬೆಂಕಿಯ ಹತ್ತಿರ ಅರೆಗತ್ತಲಲ್ಲಿ ಒಬ್ಬ ಇದ್ದಾನೆ. ತಿದಿ ಒತ್ತುವವನೇ ಇರಬೇಕು ಅಂತ ನನಗನಿಸಿತು. ಬಲಗಡೆ ಒಬ್ಬ ಹುಡುಗ ಬಗ್ಗಿ ಕವಚದ ತುಂಡಿನ ಮೇಲೆ ಕೆಲಸ ಮಾಡುತ್ತಿದ್ದವನು ಹಾಗೇ ತಲೆ ಎತ್ತಿ ನೋಡುತ್ತಿದ್ದಾನೆ.

ಈಗ ಅಡೆಗಲ್ಲಿನ ಮೇಲೆ ನೋಡಿ. ವಲ್ಕನ್‌ನ ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಸುತ್ತಿಗೆ. ಇಕ್ಕಳದಲ್ಲಿ ಹಿಡಿದ ಲೋಹ ಇನ್ನೂ ಉರಿಯುವ ಕಿತ್ತಳೆ ಬಣ್ಣದಲ್ಲಿದೆ. ಕುಲುಮೆಯಲ್ಲಿ ದುಡಿದ ಯಾರಿಗಾದರೂ ಮೊದಲು ಕಣ್ಣಿಗೆ ಬೀಳುವುದು ಇದೇ. ಅಪೊಲೊನ ಪ್ರಭೆ ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ಕಬ್ಬಿಣ ಎಷ್ಟು ಕಾದಿದೆ ಎಂಬುದನ್ನು ಕಮ್ಮಾರ ಬಣ್ಣ ನೋಡಿ ತಿಳಿಯುತ್ತಾನೆ. ಮಬ್ಬು ಕೆಂಪು ಇದ್ದರೆ ಸುಮಾರು 700 ಡಿಗ್ರಿ. ಕಿತ್ತಳೆ ಬಂದರೆ 950, ಸಾವಿರ. ಹಳದಿಗೆ ತಿರುಗಿದರೆ ಇನ್ನೂ ಜಾಸ್ತಿ. ಈ ಬಣ್ಣ ಸರಿಯಾಗಿ ಕಾಣಲಿ ಅಂತಲೇ ಕುಲುಮೆಯ ಒಳಗೆ ಬೆಳಕು ಕಡಿಮೆ ಇಡುತ್ತಾರೆ. ಬಿಸಿಲಲ್ಲಿ ಕಾದ ಕಬ್ಬಿಣದ ಬಣ್ಣ ಮೋಸ ಮಾಡುತ್ತದೆ. ಕಿತ್ತಳೆ ಇರುವಾಗ ಬಡಿದರೆ ಲೋಹ ಹೇಳಿದ ಹಾಗೆ ಕೇಳುತ್ತದೆ. ಕೆಂಪು ಮಬ್ಬಾದ ಮೇಲೂ ಬಡಿದರೆ ಬಿರುಕು ಬಿಡಬಹುದು. ದಪ್ಪ ಸರಳಾದರೆ ಸ್ವಲ್ಪ ಹೊತ್ತು ಕಾವು ಹಿಡಿದಿಟ್ಟುಕೊಳ್ಳುತ್ತದೆ. ಕವಚಕ್ಕೆ ಬೇಕಾಗುವ ತೆಳು ತಗಡಾದರೆ ನೋಡುನೋಡುತ್ತಲೇ ಆರಿಹೋಗುತ್ತದೆ. ತಣ್ಣನೆಯ ಅಡೆಗಲ್ಲಿನ ಮೇಲೆ ಇಟ್ಟರಂತೂ ಕೇಳಲೇಬೇಡಿ.

ಹಾಗಾದರೆ ಈ ಚಿತ್ರದಲ್ಲಿ ಕಾಣುವ ಹೊತ್ತು ಎಷ್ಟು? ಕೆಲವೇ ಸೆಕೆಂಡು. ತಗಡು ಬೆಂಕಿಯಿಂದ ಈಗಷ್ಟೇ ಹೊರಬಂದಿದೆ. ಬಡಿಯಲು ಎಲ್ಲರೂ ಸಿದ್ಧರಾಗಿದ್ದಾರೆ. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬ ಬಂದು ನಿಂತು ಬಾಯಿ ತೆರೆದಿದ್ದಾನೆ. ಎಲ್ಲರ ಕೈ ನಿಂತಿದೆ. ಲೋಹ ಮಾತ್ರ ಕಾಯುವುದಿಲ್ಲ. ಇನ್ನು ನಾಲ್ಕು ಉಸಿರು ಎಳೆಯುವಷ್ಟರಲ್ಲಿ ಆ ಕಿತ್ತಳೆ ಕೆಂಪಾಗುತ್ತದೆ, ಕೆಂಪು ಕಪ್ಪಾಗುತ್ತದೆ, ಮತ್ತೆ ಬೆಂಕಿಗೆ ಹಾಕಬೇಕು. ಒಂದು ಕಾವು ಹಾಳು. ಈ ಚಿತ್ರವನ್ನು ಹೊಗಳುವವರು ಮುಖಗಳಲ್ಲಿನ ಬೆರಗು, ಬೆತ್ತಲೆ ಮೈಗಳ ಸೊಗಸು, ಬೆಳಕು ಇವುಗಳ ಬಗ್ಗೆ ಬರೆಯುತ್ತಾರೆ. ಅದೆಲ್ಲ ನಿಜವೇ. ನನಗೆ ಕಂಡಿದ್ದು ನಿಂತುಹೋದ ಕೆಲಸ. ಅದು ಕಾಣಬೇಕಾದರೆ ಬಲಗಡೆಯ ನಾಲ್ವರು ಬೇಕು. ಅವರ ನಿಂತ ಕೈಗಳು ಬೇಕು.

ಕತೆಯ ಮೂಲಕ್ಕೆ ಹೋದರೆ ವೆಲಾಸ್ಕೆಸ್ ಇಲ್ಲಿ ಏನು ಮಾಡಿದ್ದಾನೆ ಎಂಬುದು ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ರೋಮನ್ ಕವಿ ಓವಿಡ್‌ನ ‘ಮೆಟಮಾರ್ಫೊಸಿಸ್’ ಕಾವ್ಯದ ನಾಲ್ಕನೇ ಭಾಗದಲ್ಲಿ ಈ ಪ್ರಸಂಗ ಬರುತ್ತದೆ. ಸೂರ್ಯ ಬಂದು ಸುದ್ದಿ ಹೇಳುತ್ತಾನೆ. ಕೇಳಿದ ಕೂಡಲೇ ವಲ್ಕನ್‌ಗೆ ಮನಸ್ಸೂ ಜಾರಿತು, ಕೈಯಲ್ಲಿದ್ದ ಕೆಲಸವೂ ಜಾರಿ ಬಿತ್ತು ಅನ್ನುತ್ತಾನೆ ಓವಿಡ್. ಕವಿ ಹೇಳಿದ್ದನ್ನು ಹಾಗೇ ಬರೆದಿದ್ದರೆ ಸುತ್ತಿಗೆ ನೆಲದ ಮೇಲೆ ಬಿದ್ದಿರಬೇಕಿತ್ತು. ವೆಲಾಸ್ಕೆಸ್‌ನ ವಲ್ಕನ್ ಏನನ್ನೂ ಕೆಳಗೆ ಹಾಕಿಲ್ಲ. ಇಕ್ಕಳದ ಹಿಡಿತ ಸಡಿಲವಾಗಿಲ್ಲ. ಕಣ್ಣು ಅಗಲವಾಗಿದೆ, ಮುಖದಲ್ಲಿ ನೋವಿದೆ, ಮೈ ತಿರುಚಿಕೊಂಡಿದೆ. ಆದರೆ ಕಾದ ತಗಡು ಅಡೆಗಲ್ಲಿನ ಮೇಲೆ ಇರಬೇಕಾದ ಜಾಗದಲ್ಲೇ ಇದೆ.

ಇದು ಸಣ್ಣ ವಿಷಯ ಅಂತ ಯಾರಾದರೂ ಅನ್ನಬಹುದು. ನನಗೆ ಹಾಗನಿಸುವುದಿಲ್ಲ. ಎಂಥ ಸುದ್ದಿ ಬಂದರೂ ಉರಿಯುವ ಕಬ್ಬಿಣವನ್ನು ಕೈಬಿಡಬಾರದು, ಸುತ್ತ ಬರಿಗಾಲಲ್ಲಿ ನಿಂತವರಿದ್ದಾರೆ. ಈ ಕೆಲಸಕ್ಕೆ ಬಂದ ಹುಡುಗರಿಗೆ ನಾನು ಮೊದಲು ಕಲಿಸುತ್ತಿದ್ದದ್ದೇ ಇದು. ಅಪ್ಪ ನನಗೆ ಕಲಿಸಿದ್ದೂ ಇದೇ. ಆಸ್ಥಾನದಲ್ಲಿ ರಾಜರ ಮುಖ ಬರೆಯುತ್ತಿದ್ದ ಒಬ್ಬ ಚಿತ್ರಕಾರನಿಗೆ ಇದು ಹೇಗೆ ಹೊಳೆಯಿತೋ! ರೋಮ್‌ನ ಯಾವುದೋ ಕುಲುಮೆಯಲ್ಲಿ ನಿಂತು ನೋಡಿರಬೇಕು ಅಂತ ನನ್ನ ನಂಬಿಕೆ. ಬೆಂಕಿಗೂಡಿನ ಮೇಲೆ ಒಂದು ಬಿಳಿ ಹೂಜಿ ಇದೆ ನೋಡಿ. ಕೆಲಸದ ಜಾಗದಲ್ಲಿ ಕುಡಿಯುವುದಕ್ಕೆ ಇಟ್ಟುಕೊಳ್ಳುವಂಥದ್ದು. ದೇವಲೋಕದ ಕತೆಗೆ ಅದು ಬೇಕಿಲ್ಲ. ಬೇಕಾಗಿದ್ದು ಬೆವರುವ ಮನುಷ್ಯರಿಗೆ.

ಅವರು ಮಾಡುತ್ತಿರುವುದು ಕವಚ. ಯಾರಿಗಾಗಿ ಅಂತ ಚಿತ್ರ ಹೇಳುವುದಿಲ್ಲ. ಮಾರ್ಸ್ ಯುದ್ಧದ ದೇವರಾದ್ದರಿಂದ ಅದು ಅವನಿಗೇ ಇರಬಹುದು ಅಂತ ನೋಡಿದವರು ಊಹಿಸುತ್ತಾರೆ. ಹಾಗಿದ್ದರೆ ಆ ನೋವು ಇನ್ನೂ ದೊಡ್ಡದು, ಅಲ್ವಾ?

‘ಮೋಸ ಹೋದ ಗಂಡ’ ಎಂಬ ಮಾತಿಗೆ ಬರುತ್ತೇನೆ. ಈ ಕತೆಯನ್ನು ಓವಿಡ್‌ಗಿಂತ ನೂರಾರು ವರ್ಷ ಮೊದಲು ಗ್ರೀಕ್ ಕವಿ ಹೋಮರ್ ಹೇಳಿದ್ದಾನೆ, ‘ಒಡಿಸ್ಸಿ’ ಕಾವ್ಯದ ಎಂಟನೇ ಭಾಗದಲ್ಲಿ. ಗ್ರೀಕರಲ್ಲಿ ಈ ದೇವರ ಹೆಸರು ಹೆಫೈಸ್ಟಸ್. ಸುದ್ದಿ ಕೇಳಿದ ಮೇಲೆ ಅವನು ಮಾಡಿದ್ದೇನು? ನೇರ ಕುಲುಮೆಗೆ ಹೋದ. ಅಡೆಗಲ್ಲು ಜೋಡಿಸಿದ. ಜೇಡನ ಬಲೆಯಷ್ಟು ಸಣ್ಣ ಎಳೆಗಳ ಒಂದು ಬಲೆ ಮಾಡಿದ. ದೇವತೆಗಳ ಕಣ್ಣಿಗೂ ಕಾಣದಷ್ಟು ಸಣ್ಣ, ಯಾರಿಗೂ ಹರಿಯಲಾಗದಷ್ಟು ಗಟ್ಟಿ. ಅದನ್ನು ಮಂಚದ ಸುತ್ತ ಕಟ್ಟಿದ. ಇಬ್ಬರೂ ಸಿಕ್ಕಿಬಿದ್ದರು. ದೇವತೆಗಳು ಬಂದು ನೋಡಿ ನಕ್ಕರು. ಆ ನಗು ವಲ್ಕನ್‌ನನ್ನು ನೋಡಿ ಬಂದದ್ದಲ್ಲ. ಅವನ ಕೈಚಳಕ ನೋಡಿ ನಕ್ಕರು ಅಂತ ಹೋಮರ್ ಸ್ಪಷ್ಟವಾಗಿ ಹೇಳುತ್ತಾನೆ. ನಿಧಾನಿ ವೇಗದವನನ್ನು ಹಿಡಿದ, ಕುಂಟನಾದರೂ ತನ್ನ ಕಸುಬಿನಿಂದ ದೇವತೆಗಳಲ್ಲೇ ಅತಿ ವೇಗದವನನ್ನು ಹಿಡಿದ ಅಂತ ಅವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ನಿಮ್ಮ ಪುಟದಲ್ಲಿ ಈ ಭಾಗ ಬರಲೇ ಇಲ್ಲ. ಗೆದ್ದವನ ಕತೆಯನ್ನು ಸೋತವನ ಕತೆ ಮಾಡಿದಂತಾಯಿತು.

ಹೋಮರ್‌ನ ‘ಇಲಿಯಡ್’ನ 18ನೇ ಭಾಗದಲ್ಲಿ ಇನ್ನೊಂದು ಸಂಗತಿ ಇದೆ. ಗ್ರೀಕ್ ವೀರ ಅಖಿಲೀಸ್‌ನ ತಾಯಿ ಥೆಟಿಸ್ ಮಗನಿಗೆ ಆಯುಧ ಮಾಡಿಕೊಡು ಅಂತ ಕೇಳಲು ಇವನ ಮನೆಗೆ ಬರುತ್ತಾಳೆ. ಅವನು ಬೆವರು ಸುರಿಸುತ್ತಾ ತಿದಿಗಳ ಸುತ್ತ ಓಡಾಡುತ್ತಿದ್ದಾನೆ. ತಾವಾಗಿಯೇ ಉರುಳುವ ಚಕ್ರಗಳಿರುವ ಇಪ್ಪತ್ತು ಮುಕ್ಕಾಲಿಗಳನ್ನು ಮಾಡುತ್ತಿದ್ದಾನೆ. ಯಾರೋ ಬಂದರು ಅಂತ ತಿಳಿದ ಮೇಲೆ ತಿದಿಗಳನ್ನು ಬೆಂಕಿಯಿಂದ ದೂರ ಸರಿಸುತ್ತಾನೆ. ಸಲಕರಣೆಗಳನ್ನೆಲ್ಲ ಒಟ್ಟುಮಾಡಿ ಬೆಳ್ಳಿಯ ಪೆಟ್ಟಿಗೆಯಲ್ಲಿ ಇಡುತ್ತಾನೆ. ಆಮೇಲೆ ಮುಖ, ಕೈ, ಕತ್ತು, ಎದೆ ಒರೆಸಿಕೊಂಡು, ಅಂಗಿ ಹಾಕಿಕೊಂಡು ಹೊರಗೆ ಬರುತ್ತಾನೆ. ಮೊದಲು ಬೆಂಕಿ, ಆಮೇಲೆ ಸಲಕರಣೆ, ಕೊನೆಗೆ ಮೈ. ಈ ಕ್ರಮ ಕೆಲಸ ಬಲ್ಲವರದ್ದು. ಕಸುಬುದಾರರನ್ನು ಹತ್ತಿರದಿಂದ ನೋಡಿದ ಕವಿಗೆ ಮಾತ್ರ ಇದು ಬರೆಯಲು ಸಾಧ್ಯ.

ಯುರೋಪಿನ ಚಿತ್ರಕಾರರೆಲ್ಲ ಈ ದೇವರನ್ನು ಹೀಗೆ ಗೌರವದಿಂದ ನೋಡಿದರು ಅಂತ ನಾನು ಹೇಳುವುದಿಲ್ಲ. ವೆನಿಸ್‌ನ ಟಿಂಟೊರೆಟ್ಟೊ 1550ರ ಹೊತ್ತಿಗೆ ಬರೆದ ಒಂದು ಚಿತ್ರ ಜರ್ಮನಿಯ ಮ್ಯೂನಿಕ್‌ನಲ್ಲಿದೆ. ಅದರಲ್ಲಿ ವಲ್ಕನ್ ಮುದುಕ. ಮಂಚದ ಮೇಲೆ ಬಗ್ಗಿ ವೀನಸ್‌ಳ ಬಟ್ಟೆ ಎತ್ತಿ ನೋಡುತ್ತಿದ್ದಾನೆ. ಮಾರ್ಸ್ ಹೆಲ್ಮೆಟ್ ಸಮೇತ ಮೇಜಿನ ಕೆಳಗೆ ಅಡಗಿದ್ದಾನೆ. ಒಂದು ಪುಟ್ಟ ನಾಯಿ ಬೊಗಳುತ್ತಿದೆ. ಬರೆದ ಕೈ ದೊಡ್ಡದು, ನಿಜ. ಆದರೆ ಆ ಮುದುಕನ ಮೇಲೆ ಚಿತ್ರಕ್ಕೆ ಕರುಣೆ ಇಲ್ಲ. ಹಾಲೆಂಡಿನ ವ್ಟೆವಾಲ್ 1600ರ ನಂತರ ಇದೇ ಪ್ರಸಂಗವನ್ನು ಪುಟ್ಟ ತಾಮ್ರದ ತಗಡಿನ ಮೇಲೆ ಬರೆದ. ಒಂದು ಪುಸ್ತಕದ ಪುಟಕ್ಕಿಂತ ದೊಡ್ಡದಲ್ಲ. ಸುತ್ತ ದೇವತೆಗಳ ನಗು. ಆ ತಾಮ್ರದ ತಗಡನ್ನು ಅಷ್ಟು ನಯವಾಗಿ ಮಾಡಿಕೊಟ್ಟ ಕಸುಬುದಾರನ ಹೆಸರು ಎಲ್ಲೂ ಇಲ್ಲ ಎಂಬುದನ್ನು ಇಲ್ಲಿ ಹೇಳದೆ ಇರಲಾರೆ. ಫ್ರಾನ್ಸ್‌ನ ಬೂಶೆ 1732ರಲ್ಲಿ ಬರೆದ ವಲ್ಕನ್ ಚಿತ್ರ ಪ್ಯಾರಿಸ್‌ನ ಲೂವ್ರ್ ಸಂಗ್ರಹಾಲಯದಲ್ಲಿದೆ. ಮೋಡ, ಪಾರಿವಾಳ, ಗುಲಾಬಿ ಮೈ. ಮಸಿ ಹುಡುಕಿದರೂ ಸಿಗುವುದಿಲ್ಲ. ಅದರ ಬಗ್ಗೆ ನನಗೆ ಹೇಳಲು ಜಾಸ್ತಿ ಏನಿಲ್ಲ.

ಆದರೆ ಅದೇ ಟಿಂಟೊರೆಟ್ಟೊ ಮುಂದೆ ವೆನಿಸ್‌ನ ಆಡಳಿತದ ಮುಖ್ಯಸ್ಥ ಡೋಜ್‌ನ ಅರಮನೆಗೆ 1577ರ ಸುಮಾರಿಗೆ ವಲ್ಕನ್‌ನ ಕುಲುಮೆಯನ್ನು ಇನ್ನೊಂದು ರೀತಿ ಬರೆದ. ಅಲ್ಲಿ ಹೆಂಡತಿಯ ಕತೆ ಇಲ್ಲ. ಅಡೆಗಲ್ಲಿನ ಸುತ್ತ ನಿಂತು ಸಮ್ಮಟಿಗೆ ಎತ್ತಿ ಬಡಿಯುವ ಗಂಡಸರು ಮಾತ್ರ. ಆಡಳಿತ ನಡೆಸುವವರ ಒಗ್ಗಟ್ಟಿಗೆ ಅದು ಸಂಕೇತ ಅಂತ ತಿಳಿದವರು ವಿವರಿಸುತ್ತಾರೆ. ಆ ವಿವರಣೆ ಎಷ್ಟು ಸರಿ ಎಂಬುದು ಕುಲುಮೆಯಲ್ಲಿ ನಿಂತವರಿಗೆ ಗೊತ್ತು. ಇಬ್ಬರು ಮೂವರು ಒಂದೇ ಕಬ್ಬಿಣದ ಮೇಲೆ ಬಡಿಯುವಾಗ ಒಬ್ಬರ ಪೆಟ್ಟು ಎದ್ದ ಮೇಲೆಯೇ ಇನ್ನೊಬ್ಬರದು ಇಳಿಯಬೇಕು. ಇಕ್ಕಳ ಹಿಡಿದ ಮೇಸ್ತ್ರಿ ಸಣ್ಣ ಸುತ್ತಿಗೆಯಿಂದ ಎಲ್ಲಿ ತಟ್ಟುತ್ತಾನೋ ಅಲ್ಲಿಗೇ ಸಮ್ಮಟಿಗೆ ಬೀಳಬೇಕು. ಬಾಯಿಮಾತು ಇಲ್ಲ. ಒಬ್ಬ ಲಯ ತಪ್ಪಿದರೆ ಇನ್ನೊಬ್ಬನ ಕೈ ಹೋಗುತ್ತದೆ. ರಾಜ್ಯ ನಡೆಸುವವರು ಕೂತು ಮಾತಾಡುವ ಅರಮನೆಯಲ್ಲಿ ಇಂಥ ಚಿತ್ರ ಹಾಕಿದ್ದು ಒಳ್ಳೆಯ ಆಯ್ಕೆ.

ನನಗೆ ಅಚ್ಚುಮೆಚ್ಚಾದ ಇನ್ನೊಂದು ಚಿತ್ರ ಫ್ಲಾರೆನ್ಸಿನ ಪಿಯೆರೊ ಡಿ ಕೊಸಿಮೊನದು. ಸುಮಾರು 1490ರ ಚಿತ್ರ, ಈಗ ಕೆನಡಾದ ಒಟ್ಟಾವಾದಲ್ಲಿದೆ. ಅದನ್ನು ನಾನು ಎದುರಿಗೆ ನೋಡಿಲ್ಲ, ಅಚ್ಚಿನಲ್ಲಿ ನೋಡಿದ್ದೇನೆ. ಮನುಷ್ಯ ಬೆಂಕಿಯನ್ನು ಬಳಸಲು ಕಲಿಯುತ್ತಿರುವ ಕಾಲ ಅದರಲ್ಲಿದೆ. ವಲ್ಕನ್ ಬಯಲಲ್ಲಿ ಕೂತು ಕುದುರೆಯ ಲಾಳ ಬಡಿಯುತ್ತಿದ್ದಾನೆ. ಗಾಳಿಯ ದೇವರು ಏಯೊಲಸ್ ತಿದಿ ಒತ್ತುತ್ತಿದ್ದಾನೆ. ಹಿಂದೆ ಕೆಲವರು ಮರದ ದಿಮ್ಮಿಗಳನ್ನು ನಿಲ್ಲಿಸಿ ಮನೆಯ ಚೌಕಟ್ಟು ಕಟ್ಟುತ್ತಿದ್ದಾರೆ. ದೂರದಲ್ಲಿ ಜಿರಾಫೆ ಇದೆ, ಒಂಟೆ ಇದೆ. ಜಿರಾಫೆ ಎಲ್ಲಿಂದ ಬಂತು ಅಂದರೆ, ಈಜಿಪ್ಟಿನ ಸುಲ್ತಾನ 1487ರಲ್ಲಿ ಫ್ಲಾರೆನ್ಸಿನ ಆಡಳಿತ ನಡೆಸುತ್ತಿದ್ದ ಲೊರೆಂಜೊ ಮೆಡಿಚಿಗೆ ಒಂದು ಜಿರಾಫೆಯನ್ನು ಉಡುಗೊರೆ ಕಳಿಸಿದ್ದ. ಫ್ಲಾರೆನ್ಸಿನ ಜನ ಅದನ್ನು ಕಣ್ಣಾರೆ ಕಂಡಿದ್ದರು. ಈ ಚಿತ್ರದಲ್ಲಿ ವಲ್ಕನ್ ಯಾರ ಗಂಡನೂ ಅಲ್ಲ. ಅವನಿಲ್ಲದೆ ಮನೆ ಏಳುವುದಿಲ್ಲ, ಕುದುರೆ ನಡೆಯುವುದಿಲ್ಲ. ಸ್ವರ್ಗದಿಂದ ಎಸೆಯಲ್ಪಟ್ಟ ಹುಡುಗ ವಲ್ಕನ್‌ನನ್ನು ಲೆಮ್ನೊಸ್ ದ್ವೀಪದಲ್ಲಿ ಹೆಣ್ಣುಮಕ್ಕಳು ಎತ್ತಿಕೊಳ್ಳುವ ದೃಶ್ಯವನ್ನೂ ಇದೇ ಪಿಯೆರೊ ಬರೆದಿದ್ದಾನೆ. ಅದು ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿದೆ. ಬಹಳ ಕಾಲ ಅದನ್ನು ಬೇರೆ ಯಾವುದೋ ಕತೆಯ ಚಿತ್ರ ಅಂದುಕೊಂಡಿದ್ದರು. ಕಲಾ ಇತಿಹಾಸಕಾರ ಎರ್ವಿನ್ ಪನೋಫ್‌ಸ್ಕಿ 1930ರ ದಶಕದಲ್ಲಿ ಅದು ವಲ್ಕನ್‌ನ ಕತೆ ಎಂದು ತೋರಿಸಿಕೊಟ್ಟರು.

ಕುಂಟುತನದ ಬಗ್ಗೆಯೂ ಒಂದು ಮಾತು. ಹಳೆಯ ಕಾಲದಲ್ಲಿ ಕಂಚಿಗಾಗಿ ಕರಗಿಸುತ್ತಿದ್ದ ಕೆಲವು ಅದಿರುಗಳಲ್ಲಿ ಆರ್ಸೆನಿಕ್ ಇರುತ್ತಿತ್ತು. ಅದರ ಹೊಗೆ ಕುಡಿದ ಕಸುಬುದಾರರ ನರಗಳು ಕೆಟ್ಟು ಕಾಲು ಸೋಲುತ್ತಿದ್ದವು, ಕಮ್ಮಾರ ದೇವರನ್ನು ಕುಂಟನನ್ನಾಗಿ ಕಲ್ಪಿಸಿಕೊಂಡದ್ದು ಅದಕ್ಕೇ ಇರಬಹುದು ಅಂತ ಕೆಲವರ ಊಹೆ. ಊಹೆ ನಿಜವೋ ಅಲ್ಲವೋ, ಇಡೀ ದಿನ ಒಂದೇ ಕಾಲಿನ ಮೇಲೆ ಭಾರ ಹಾಕಿ ಬಡಿದವರ ಸೊಂಟ, ಮಂಡಿ ಏನಾಗುತ್ತದೆ ಅಂತ ನಾನು ಮನೆಯಲ್ಲೇ ನೋಡಿದ್ದೇನೆ. ಕೊನೆಕೊನೆಗೆ ಅಪ್ಪ ಗೋಡೆ ಹಿಡಿದು ನಡೆಯುತ್ತಿದ್ದರು. ‘ಕುಂಟ, ಕುರೂಪಿ’ ಎಂಬ ಎರಡು ಪದಗಳನ್ನು ಓದಿದಾಗ ನನಗೆ ಬೇಜಾರಾದದ್ದು ಅದಕ್ಕೇ.

ಇನ್ನು ಕೈಕೆಲಸದ ಮರ್ಯಾದೆಯ ವಿಚಾರ. ವಸಾರಿ ಎಂಬ ಚಿತ್ರಕಾರ 1560ರ ದಶಕದಲ್ಲಿ ವಲ್ಕನ್‌ನ ಕುಲುಮೆಯನ್ನು ಬರೆದಿದ್ದಾನೆ, ಫ್ಲಾರೆನ್ಸಿನ ಉಫೀಜಿ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಬುದ್ಧಿಯ ದೇವತೆ ಮಿನರ್ವಾ ಬಂದು ಒಂದು ರೇಖಾಚಿತ್ರ ತೋರಿಸುತ್ತಾಳೆ, ವಲ್ಕನ್ ಗುರಾಣಿಯ ಮೇಲೆ ಕೆಲಸ ಮಾಡುತ್ತಾನೆ. ಯೋಚನೆ ಅವಳದು, ಕೈ ಇವನದು. ಚಿತ್ರಕಾರರು ತಾವು ಮಿನರ್ವಾಳ ಕಡೆಯವರು, ಬರೀ ಕೈಕೆಲಸದವರಲ್ಲ ಅಂತ ಸಾಧಿಸಲು ಹೆಣಗುತ್ತಿದ್ದ ಕಾಲ ಅದು. ವೆಲಾಸ್ಕೆಸ್ ಕೂಡ ಆ ಹೆಣಗಾಟದಿಂದ ತಪ್ಪಿಸಿಕೊಳ್ಳಲಿಲ್ಲ. ಕೊನೆಗಾಲದಲ್ಲಿ ಅವನಿಗೆ ಸ್ಯಾಂಟಿಯಾಗೊ ಎಂಬ ಕುಲೀನರ ಪಂಗಡ ಸೇರಬೇಕಿತ್ತು. ಕೈಯಿಂದ ದುಡಿದು ಹೊಟ್ಟೆ ಹೊರೆದವರಿಗೆ ಅಲ್ಲಿ ಜಾಗ ಇರಲಿಲ್ಲ. ವಿಚಾರಣೆ ನಡೆಯಿತು. ಸುರ್ಬರಾನ್, ಅಲೋನ್ಸೊ ಕಾನೊ ಅಂಥ ದೊಡ್ಡ ಚಿತ್ರಕಾರರೂ ಬಂದು ಸಾಕ್ಷಿ ಹೇಳಿದರು. ವೆಲಾಸ್ಕೆಸ್ ಅಂಗಡಿ ಇಟ್ಟು ಚಿತ್ರ ಮಾರಿದವನಲ್ಲ ಎಂಬುದು ಸಾಬೀತಾಗಬೇಕಿತ್ತು. ಅಷ್ಟಾದರೂ ಸಾಲದೆ ಪೋಪ್ ಅವರಿಂದ ವಿನಾಯಿತಿ ತರಬೇಕಾಯಿತು. 1659ರಲ್ಲಿ ಪದವಿ ಸಿಕ್ಕಿತು, 1660ರಲ್ಲಿ ತೀರಿಕೊಂಡ. ಅವನ ಹೆಸರಾಂತ ‘ಲಾಸ್ ಮೆನಿನಾಸ್’ ಚಿತ್ರದಲ್ಲಿ ಅವನ ಎದೆಯ ಮೇಲೆ ಕಾಣುವ ಕೆಂಪು ಶಿಲುಬೆ ಆ ಪಂಗಡದ್ದೇ.

ಇದನ್ನು ತಿಳಿದ ಮೇಲೆ 1630ರ ಆ ಕುಲುಮೆಯ ಚಿತ್ರ ನನಗೆ ಇನ್ನೂ ಹತ್ತಿರವಾಯಿತು. ಕೈಕೆಲಸ ಕೀಳು ಅನ್ನುವ ಸಮಾಜದಲ್ಲಿ ಇದ್ದವನು. ಆ ಸಮಾಜದಲ್ಲಿ ಮೇಲೇರಲು ಬಯಸಿದವನು. ಅಂಥವನು ಯೌವನದಲ್ಲಿ, ಯಾರೂ ಕೇಳದಿದ್ದರೂ, ಐದು ಜನ ದುಡಿಯುವವರನ್ನು ಆಳೆತ್ತರಕ್ಕೆ ಬರೆದ. ಕಿರೀಟ ಇಟ್ಟುಕೊಂಡು ಬಂದ ದೇವರಿಗಿಂತ ಅವರ ಮೈಯನ್ನು ಹೆಚ್ಚು ಗಮನ ಕೊಟ್ಟು ಬರೆದ. ನನಗೆ ಹಾಗೆ ಕಾಣುತ್ತದೆ. ಅಪೊಲೊನ ಮುಖ ನನಗೆ ಯಾವತ್ತೂ ನೆನಪಿನಲ್ಲಿ ಉಳಿಯುವುದಿಲ್ಲ. ಬೆನ್ನು ಹಾಕಿ ನಿಂತ ಆ ಕೆಲಸಗಾರನ ಬೆನ್ನು ಉಳಿಯುತ್ತದೆ.

ಇನ್ನೊಂದು ಇನ್ನೂರು ವರ್ಷ ಕಳೆದರೆ ಅದೇ ಸ್ಪೇನಿನಲ್ಲಿ ಗೊಯಾ ‘ಕುಲುಮೆ’ ಎಂಬ ಚಿತ್ರ ಬರೆಯುತ್ತಾನೆ. ಈಗ ನ್ಯೂಯಾರ್ಕ್‌ನ ಫ್ರಿಕ್ ಸಂಗ್ರಹದಲ್ಲಿದೆ, 1815-20ರ ನಡುವಿನದು. ಮೂವರು ಕಮ್ಮಾರರು. ಒಬ್ಬ ಬೆನ್ನು ತಿರುಗಿಸಿ ಸಮ್ಮಟಿಗೆ ಎತ್ತಿದ್ದಾನೆ. ಒಬ್ಬ ಕಾದ ಕಬ್ಬಿಣ ಹಿಡಿದಿದ್ದಾನೆ. ಹಿಂದೆ ಒಬ್ಬ ವಯಸ್ಸಾದವನು. ಅಪೊಲೊ ಇಲ್ಲ, ವೀನಸ್ ಇಲ್ಲ, ವಲ್ಕನ್ ಕೂಡ ಇಲ್ಲ. ಬೂದು, ಕಪ್ಪು, ನಡುವೆ ಒಂದು ಚೂರು ಕೆಂಪು. ಇಂಗ್ಲೆಂಡಿನ ಜೋಸೆಫ್ ರೈಟ್ 1771, 1772ರಲ್ಲಿ ಬರೆದ ಕುಲುಮೆಗಳಲ್ಲೂ ದೇವರಿಲ್ಲ. ಬಿಳಿಯಾಗಿ ಕಾದ ಕಬ್ಬಿಣವೇ ಇಡೀ ಕೋಣೆಗೆ ದೀಪ. ಈ ಹಾದಿಯನ್ನು ವೆಲಾಸ್ಕೆಸ್ ಮೊದಲೇ ತೋರಿಸಿದ್ದ ಅಂತ ನಾನು ತಿಳಿದಿದ್ದೇನೆ. ದೇವರ ಹೆಸರಿನಲ್ಲಿ ಮನುಷ್ಯರನ್ನು ಬರೆದಾಗಿತ್ತು. ಆಮೇಲೆ ಹೆಸರು ತೆಗೆದರೂ ಚಿತ್ರ ನಿಂತಿತು.

ಸಂಪಾದಕರೇ, ಪುರವಣಿಯಲ್ಲಿ ಜಾಗ ಕಡಿಮೆ ಎಂಬುದು ನನಗೆ ಅರ್ಥವಾಗುತ್ತದೆ. ಚಿತ್ರವನ್ನು ಒಂದು ಕಾಲಮ್ಮಿಗೆ ಹೊಂದಿಸಬೇಕಾದಾಗ ಯಾರೋ ಅವಸರದಲ್ಲಿ ಕತ್ತರಿಸಿರುತ್ತಾರೆ. ಆದರೆ ಪ್ರತಿ ಸಲ ಕತ್ತರಿ ಬೀಳುವುದು ದುಡಿಯುವವರ ಮೇಲೆಯೇ ಯಾಕೆ? ಕಲಾ ಶಾಲೆಗಳಿಗೆ ನಿಮ್ಮ ಪತ್ರಿಕೆ ಹೋಗುತ್ತದೆ, ಐಟಿಐಗಳಿಗೂ ಹೋಗುತ್ತದೆ. ನಾನು ಕಲಿಸುತ್ತಿದ್ದಾಗ ಹುಡುಗರು ಪುರವಣಿಯಲ್ಲಿ ಬಂದ ಬಣ್ಣದ ಚಿತ್ರಗಳನ್ನು ಕತ್ತರಿಸಿ ವರ್ಕ್‌ಶಾಪಿನ ಕಪಾಟಿನ ಒಳಬಾಗಿಲಿಗೆ ಅಂಟಿಸಿಕೊಳ್ಳುತ್ತಿದ್ದರು. ಸಿನಿಮಾ ನಟರು, ಕ್ರಿಕೆಟಿಗರು, ಬೈಕುಗಳು. ಈ ಚಿತ್ರ ಪೂರ್ತಿ ಬಂದಿದ್ದರೆ ಇದನ್ನೂ ಅಂಟಿಸುತ್ತಿದ್ದರು ಅಂತ ನನಗೆ ಗೊತ್ತು. ಯಾಕೆಂದರೆ ತಾವು ದಿನಾ ಹಿಡಿಯುವ ಇಕ್ಕಳ, ಸುತ್ತಿಗೆ, ಅಡೆಗಲ್ಲು ಅದರಲ್ಲಿವೆ. ಪ್ರಪಂಚದ ದೊಡ್ಡ ಚಿತ್ರಶಾಲೆಯೊಂದರ ಗೋಡೆಯ ಮೇಲೆ ತಮ್ಮ ಕಸುಬು ಇದೆ ಎಂದು ಅವರಿಗೆ ತಿಳಿಯಬೇಕು.

ಹಾಗಾಗಿ ನನ್ನ ಕೋರಿಕೆ ಇಷ್ಟು. ಮುಂದಿನ ಯಾವುದಾದರೂ ಭಾನುವಾರ ಈ ಚಿತ್ರವನ್ನು ಪುಟದ ಪೂರ್ತಿ ಅಗಲಕ್ಕೆ, ಆರೂ ಜನ ಕಾಣುವಂತೆ ಹಾಕಿ. ಪ್ರಾಡೊ ಸಂಗ್ರಹಾಲಯದ ಜಾಲತಾಣದಲ್ಲಿ ಸ್ಪಷ್ಟವಾದ ಪ್ರತಿ ಇದೆ. ಕೆಳಗೆ ‘ವಲ್ಕನ್‌ನ ಕುಲುಮೆಯಲ್ಲಿ ಅಪೊಲೊ, ಡಿಯೇಗೊ ವೆಲಾಸ್ಕೆಸ್, 1630, ಪ್ರಾಡೊ, ಮ್ಯಾಡ್ರಿಡ್’ ಎಂದು ಬರೆಯಿರಿ. ಮುದ್ರಣ ವಿಭಾಗದವರಿಗೆ ಒಂದು ಮಾತು ಹೇಳಿ. ಕಳೆದ ವಾರದ ಪ್ರತಿಯಲ್ಲಿ ಅಡೆಗಲ್ಲಿನ ಮೇಲಿನ ತಗಡು ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಅದು ಕಿತ್ತಳೆಯಾಗಿಯೇ ಬರಬೇಕು. ಗುಲಾಬಿಯಾದರೆ ಕಬ್ಬಿಣ ಎಷ್ಟು ಕಾದಿದೆ ಅಂತ ಹುಡುಗರಿಗೆ ಗೊತ್ತಾಗುವುದಿಲ್ಲ.

ಇತಿ,
ನಿವೃತ್ತ ಕುಲುಮೆ ಬೋಧಕ,
ಹಾವೇರಿ ಜಿಲ್ಲೆ